ಗಣಕದ ಟೆಲಿವಿಷನ್ನಿಗೊಂದು ಪಂಚಾಂಗ

ಅಮೆರಿಕಾದ ಒಹಾಯೊ ಸಂಸ್ಥಾನದಲ್ಲಿ ನೆಲಸಿರುವ ನಮ್ಮ ವಾಚಕ ಸೋದರಿಯೊಬ್ಬರು ಕಳೆದ ಡಿಸೆಂಬರಿನಲ್ಲಿ ನಮಗೊಂದು ಕಾಗದ ಬರೆದಿದ್ದರು. ಅದರ ಸಾರವಿಷ್ಟು: ಅವರ ತಂದೆಯವರು ಹಾಸನದ ಕಡೆಯವರು, ಬಹುಕಾಲ ಉಪಾಧ್ಯಾಯರಾಗಿದ್ದು ವಿಶ್ರಾಂತಿ ಪಡೆದವರು. ಮಗಳ ಮನೆಯಲ್ಲಿ ಆರು ತಿಂಗಳಿದ್ದು ಊರಿಗೆ ಹೊರಟು ನಿಂತಿದ್ದರು. ಮೊಮ್ಮಗಳ ಶಾಲೆಯಲ್ಲಿ ಮಕ್ಕಳ ಗಾನವೃಂದದ ಕಾರ್ಯಕ್ರಮ ನಡೆದ ದಿನ ಅವರಿಗೆ ಜ್ವರ ಬಂದಿದ್ದುದರಿಂದ ಹೋಗಲಾಗಿರಲಿಲ್ಲ. ಅದೇ ಗಾನವನ್ನು ಆ ಊರಿನ ಟೆಲಿವಿಷನ್ ನಿಲಯವೊಂದು ರಾತ್ರಿ 8 ಗಂಟೆಗೆ ಪ್ರಸಾರ ಮಾಡುವುದೆಂದು ತಿಳಿದಾಗ ವೃದ್ಧರಿಗಾದ ಸಂತೋಷವು ಅಷ್ಟಿಷ್ಟಲ್ಲ. ಆದರೆ ಆ ಸಂಜೆ ಮನೆಯವರೆಲ್ಲರೂ ಸ್ನೇಹಿತರ ಮನೆಗೆ ಊಟಕ್ಕೆ ಹೋಗಬೇಕಾಗಿದ್ದಿತು. ಸೋದರಿಯು ಕಂಪ್ಯೂಟರಿನ ಟೆಲಿವಿಷನ್ ತಂತ್ರಾಂಶದಲ್ಲಿ ಕಾರ್ಯಕ್ರಮ ಸೂಚಿಯನ್ನು ತೆರೆದು, ಆ ಹೆಸರನ್ನು ಆರಿಸಿ, ರೆಕಾರ್ಡು ಮಾಡಿಕೊಳ್ಳುವಂತೆ ಏರ್ಪಡಿಸಿ ಹೊರಟರು.

ರಾತ್ರಿ ಹಿಂದಿರುಗಿ, ತಂದೆಯವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ರೆಕಾರ್ಡನ್ನು ಹಾಕಿದರೆ ಕಂಡದ್ದೇನು? ಅದಕ್ಕೆ ಮುಂಚೆ ನೇರಪ್ರಸಾರದಲ್ಲಿದ್ದ ನಗರಸಭೆಯ ಚರ್ಚೆಯೊಂದು ಗೊತ್ತಾದ ವೇಳೆಯನ್ನು ಮೀರಿ ಇಪ್ಪತ್ತೈದು ನಿಮಿಷ ನಡೆದಿತ್ತು. ಅರ್ಧ ಗಂಟೆಯ ರೆಕಾರ್ಡೆಲ್ಲ ಅದರಿಂದಲೇ ತುಂಬಿ, ಮಕ್ಕಳು ಸಾಲಾಗಿ ವೇದಿಕೆಯನ್ನು ಹತ್ತಿ ನಿಲ್ಲುತ್ತಿರುವಂತೆಯೇ ಅದು ಮುಗಿದುಹೋಯಿತು. "ಹೋಗಲಿ ಬಿಡಮ್ಮ, ಮಗು ವೇದಿಕೆ ಹತ್ತಿದ್ದನ್ನಾದರೂ ಕಂಡೆನಲ್ಲ" ಎಂದು ಹೇಳಿ ತಂದೆಯವರು ಎದ್ದುಹೋಗಿ ಮಲಗಿದರಂತೆ. ಎರಡು ದಿನಗಳಲ್ಲಿ ಅವರು ವಿಮಾನವನ್ನೂ ಹತ್ತಿದರು. "ಸೂಚಿಯು ನನಗೆ ಸುಳ್ಳು ಹೇಳಿತೇ? ಇಲ್ಲವೇ ನಾನೇ ತಪ್ಪಿದೆನೇ?" ಎಂಬುದು ಸೋದರಿಯ ಪ್ರಶ್ನೆ.

ಸೋದರಿಯರಿಗೆ ನಾವು ಕೂಡಲೆ ಬರೆದ ಉತ್ತರವನ್ನು ಕಡೆಯಲ್ಲಿ ಹೇಳುವೆವು. ಆದರೆ ಈ ಪ್ರಶ್ನೆಯು ಅವರೊಬ್ಬರದೇ ಅಲ್ಲ. ನಮ್ಮ ಮನೆಗಳ ಸೆಟ್‌ಟಾಪ್ ಪೆಟ್ಟಿಗೆಯಲ್ಲಿಯೂ ಇಂಥದೇ ಸೂಚಿಯುಂಟು. ಆದುದರಿಂದ ಈ ತಿಂಗಳು ಇದನ್ನೇ ಕುರಿತು ಸ್ವಲ್ಪ ವಿಸ್ತಾರವಾಗಿ ಬರೆಯುವುದು ಉಚಿತವೆಂದು ತೋರಿತು.

ಪ್ರಸಾರದ ಕಾರ್ಯಕ್ರಮಗಳನ್ನು ಮುಂಚಿತವಾಗಿ ಪಟ್ಟಿಮಾಡಿ ತಿಳಿಸುವ ಪದ್ಧತಿಯು ಹೊಸದೇನೂ ಅಲ್ಲ. ಲಂಡನ್ನಿನಲ್ಲಿ 'ರೇಡಿಯೋ ಟೈಮ್ಸ್' ಪತ್ರಿಕೆಯು 1923ರಲ್ಲಿಯೇ ಹೊರಟಿತು. ನಮ್ಮ ದೇಶದಲ್ಲಿ 1927ರಲ್ಲಿ 'ಇಂಡಿಯನ್ ರೇಡಿಯೋ ಟೈಮ್ಸ್' ಆರಂಭವಾಗಿ, 1935ರಲ್ಲಿ ಅದರ ಸ್ಥಾನಕ್ಕೆ 'ಇಂಡಿಯನ್ ಲಿಸನರ್' ಬಂದಿತು. 1958ರಲ್ಲಿ ಅದಕ್ಕೆ 'ಆಕಾಶವಾಣಿ' ಎಂದು ಹೆಸರಾಯಿತು. ಯಾವ ನಿಲಯದಲ್ಲಿ ಯಾವ ದಿನ ಎಷ್ಟು ಗಂಟೆಗೆ ಯಾರ ಗಾಯನವೆಂಬುದನ್ನು ರಸಿಕರು ಅದರಲ್ಲಿ ನೋಡಿಟ್ಟುಕೊಂಡು ರೇಡಿಯೋ ಮುಂದೆ ಕುಳಿತುಕೊಳ್ಳುತ್ತಿದ್ದರು. ಅಮೆರಿಕಾದಲ್ಲಿ 1981ರಿಂದ ಇಂಥ ಪಟ್ಟಿಯು ಟೆಲಿವಿಷನ್ ತೆರೆಯ ಮೇಲೆಯೇ ಹರಿದುಹೋಗುವ ಅಕ್ಷರಗಳಾಗಿ ಬರತೊಡಗಿತು. 2002ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ ಎಕ್ಸ್‌ಪಿ ಮೀಡಿಯಾ ಸೆಂಟರನ್ನು ಹೊರತಂದಿತು; ಅದೇ ವರ್ಷ ಸ್ವಯಂಸೇವಕರು ಬೆಳೆಸುವ ಮಿತ್‌ಟಿವಿ ಎಂಬ ತಂತ್ರಾಂಶವೂ ಹುಟ್ಟಿತು. ಕಂಪ್ಯೂಟರಿಗೆ ಟ್ಯೂನರ್ ಎಂಬ ಚಿಕ್ಕ ಉಪಕರಣವನ್ನು ಸೇರಿಸಿದರೆ ಅದು ಟೆಲಿವಿಷನ್ನೂ ಆಯಿತು, ರೆಕಾರ್ಡು ಮಾಡುವ ಯಂತ್ರವೂ ಆಯಿತು. ಸೂಚಿಯೇ ಅದರ ಬಾಗಿಲು.

ಈ ಸೂಚಿಯ ರೂಪವು ಸರಳವಾದುದು. ಎಡಗಡೆಯಲ್ಲಿ ವಾಹಿನಿಗಳ ಹೆಸರುಗಳು ಒಂದರ ಕೆಳಗೊಂದು. ಮೇಲ್ಗಡೆಯಲ್ಲಿ ಅರ್ಧ ಅರ್ಧ ಗಂಟೆಯ ಕಾಲ. ನಡುವಿನ ಮನೆಗಳಲ್ಲಿ ಕಾರ್ಯಕ್ರಮಗಳ ಹೆಸರು. ಒಂದು ಮನೆಯ ಮೇಲೆ ಗುಂಡಿಯನ್ನೊತ್ತಿದರೆ ವಿವರಣೆ ಬರುವುದು. ಇನ್ನೊಮ್ಮೆ ಒತ್ತಿದರೆ 'ಇದೊಂದನ್ನು ರೆಕಾರ್ಡು ಮಾಡಲೇ, ಈ ಮಾಲಿಕೆಯನ್ನೆಲ್ಲ ಮಾಡಲೇ' ಎಂದು ಕೇಳುವುದು. ಮಗುವೂ ಕಲಿಯಬಹುದಾದಷ್ಟು ಸುಲಭ. ಮೋಸವಾಗುವುದೂ ಈ ಸುಲಭದಿಂದಲೇ. ಅಷ್ಟು ಅಚ್ಚುಕಟ್ಟಾಗಿ ಗೆರೆ ಎಳೆದು ಬರೆದಿರುವುದನ್ನು ಕಂಡರೆ, ಅದು ನಡೆದೇ ತೀರುವ ಸಂಗತಿಯೆಂದು ನಾವು ನಂಬುತ್ತೇವೆ.

ಪಂಚಾಂಗವನ್ನು ಬಲ್ಲ ಹಿರಿಯರು ಹಾಗೆ ನಂಬುವುದಿಲ್ಲ. ಯಾವ ಪಂಚಾಂಗವನ್ನು ಕೈಗೆ ಕೊಟ್ಟರೂ ಅವರು ಮೊದಲು ವಿಚಾರಿಸುವುದು ಇಷ್ಟು: ಇದನ್ನು ಗಣಿತ ಮಾಡಿದವರಾರು? ಯಾವ ಊರಿನ ಸೂರ್ಯೋದಯಕ್ಕೆ ಮಾಡಿದ್ದು? ಯಾವ ಸಂವತ್ಸರದ್ದು? ಕಾರ್ಯಕ್ರಮ ಸೂಚಿಗೂ ಹೆಚ್ಚುಕಡಿಮೆ ಇವೇ ಮೂರು ಪ್ರಶ್ನೆಗಳನ್ನು ಹಾಕತಕ್ಕದ್ದು. ಬರೆದವರಾರು? ಯಾವ ಗಡಿಯಾರಕ್ಕೆ ಬರೆದದ್ದು? ಎಲ್ಲಿಯ ವರೆಗೆ ನಿಜ?

ಮೊದಲನೆಯದಾಗಿ, ಬರೆದವರ ವಿಷಯ. ಸೂಚಿಯು ತಂತ್ರಾಂಶದೊಳಗೆ ತಾನಾಗಿಯೇ ಹುಟ್ಟುವುದಿಲ್ಲ. ಅದು ಎರಡು ದಾರಿಗಳಲ್ಲಿ ಬರುವುದು. ಒಂದು, ನಿಲಯವು ಚಿತ್ರ ಮತ್ತು ಧ್ವನಿಯ ಜೊತೆಯಲ್ಲಿಯೇ ಆಕಾಶಮಾರ್ಗವಾಗಿ ಕಳುಹಿಸುವ ಸೂಚಿ. ಅಮೆರಿಕಾದ ಡಿಜಿಟಲ್ ಪ್ರಸಾರದ ನಿಯಮದಲ್ಲಿ ಇದನ್ನು ಮೂರು ಮೂರು ಗಂಟೆಗಳ ತುಂಡುಗಳಾಗಿ ಮಾಡಿ, ಕಡಿಮೆಯೆಂದರೆ ನಾಲ್ಕು ತುಂಡುಗಳನ್ನು, ಎಂದರೆ 12 ಗಂಟೆಗಳ ಸೂಚಿಯನ್ನು ಕಳುಹಿಸಬೇಕೆಂದಿದೆ. ಯುರೋಪಿನ ಪದ್ಧತಿಯಲ್ಲಿ ಒಂದು ವಾರದ ಸೂಚಿಯು ಹೀಗೆಯೇ ಬರುವುದುಂಟು. ಇನ್ನೊಂದು ದಾರಿ ಇಂಟರ್ನೆಟ್ಟಿನದು. ನೂರಾರು ನಿಲಯಗಳ ಪಟ್ಟಿಗಳನ್ನು ಸಂಗ್ರಹಿಸಿ, ತಿದ್ದಿ, ಒಂದೇ ಅಚ್ಚಿನಲ್ಲಿ ಕೂಡಿಸುವ ಸಂಸ್ಥೆಗಳಿವೆ. ಅವುಗಳಿಂದ ಹದಿನಾಲ್ಕು ದಿನಗಳ ಸೂಚಿಯೂ ದೊರೆಯುವುದು. ಹೀಗೆ ಕೂಡಿಸುವುದಕ್ಕೆ ಜನ ಬೇಕು, ಜನಕ್ಕೆ ಸಂಬಳ ಬೇಕು. ಇದನ್ನು ನಾವು ಮರೆಯುವುದೇ ಹೆಚ್ಚು.

ಮರೆತವರಿಗೆ ಕಾಲವು ಎರಡು ಸಲ ನೆನಪು ಮಾಡಿಕೊಟ್ಟಿತು. ಮಿತ್‌ಟಿವಿಯನ್ನು ಬಳಸುತ್ತಿದ್ದ ಅಮೆರಿಕಾದ ಮನೆಗಳಿಗೆ ಜ್ಯಾಪ್‌ಟುಇಟ್ ಲ್ಯಾಬ್ಸ್ ಎಂಬ ಸೇವೆಯಿಂದ ಸೂಚಿಯು ಉಚಿತವಾಗಿ ಬರುತ್ತಿದ್ದಿತು. 2007ರ ಸೆಪ್ಟೆಂಬರಿನಲ್ಲಿ ಅದು ನಿಂತಿತು. ಆಗ ಆ ತಂತ್ರಾಂಶಗಳನ್ನು ನಂಬಿದ್ದವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಷೆಡ್ಯೂಲ್ಸ್ ಡೈರೆಕ್ಟ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಏರ್ಪಟ್ಟು, ಸದಸ್ಯರಿಂದ ಚಂದಾಹಣವನ್ನು ಪಡೆದು, ಅದರಿಂದ ಸೂಚಿಯನ್ನು ಕೊಂಡು, ಎಲ್ಲರಿಗೂ ಹಂಚತೊಡಗಿತು.

ಎರಡನೆಯ ಸಂಗತಿಯು ಇದಕ್ಕಿಂತ ದೊಡ್ಡದು. ವಿಂಡೋಸಿನ ಮೀಡಿಯಾ ಸೆಂಟರು 2007ರ ವಿಸ್ತಾದಲ್ಲಿಯೂ 2009ರ ವಿಂಡೋಸ್ 7ರಲ್ಲಿಯೂ ಅನೇಕ ಮನೆಗಳನ್ನು ಹೊಕ್ಕಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಅದರಲ್ಲಿ ಮೀಡಿಯಾ ಸೆಂಟರಿಗೆ ಸ್ಥಳವಿರಲಿಲ್ಲ. ಹಳೆಯ ಯಂತ್ರಗಳಲ್ಲಿ ಅದನ್ನು ಉಳಿಸಿಕೊಂಡಿದ್ದವರಿಗೆ ಸೂಚಿಯು ಬರುತ್ತಲೇ ಇದ್ದಿತು. 2020ರ ಜನವರಿಯಲ್ಲಿ ಅದೂ ನಿಂತುಹೋಯಿತು. ಯಂತ್ರವು ಕೆಟ್ಟಿರಲಿಲ್ಲ, ಟ್ಯೂನರು ಕೆಟ್ಟಿರಲಿಲ್ಲ, ನಿಲಯಗಳು ಮೊದಲಿನಂತೆಯೇ ಪ್ರಸಾರ ಮಾಡುತ್ತಿದ್ದವು. ಆದರೆ ಸೂಚಿಯ ಮನೆಗಳು ಮಾತ್ರ ಬರಿದಾದವು. ಸೂಚಿಯಿಲ್ಲದೆ ಮಾಲಿಕೆಗಳ ರೆಕಾರ್ಡೂ ಇಲ್ಲ. ಆಗಲೂ ಉಪಾಯವನ್ನು ಹುಡುಕಿದವರು ಬಳಕೆದಾರರೇ. ಇಪಿಜಿ 123 ಎಂಬ ತಂತ್ರಾಂಶದಿಂದ ಷೆಡ್ಯೂಲ್ಸ್ ಡೈರೆಕ್ಟಿನ ಸೂಚಿಯನ್ನು ಹಳೆಯ ಮೀಡಿಯಾ ಸೆಂಟರಿಗೆ ತುಂಬಿಕೊಂಡವರುಂಟು.

ಇದರಿಂದ ಗೃಹಸ್ಥರು ತಿಳಿಯಬೇಕಾದುದೇನೆಂದರೆ, ತಂತ್ರಾಂಶವನ್ನು ಆರಿಸುವ ಮುನ್ನ ಅದರ ಸೂಚಿಯು ಎಲ್ಲಿಂದ ಬರುವುದು, ಅದರ ವೆಚ್ಚವನ್ನು ಯಾರು ಹೊರುತ್ತಿದ್ದಾರೆ ಎಂಬುದನ್ನು ವಿಚಾರಿಸಬೇಕು. ಸೂಚಿಯನ್ನು ಒಂದೇ ಬಾಗಿಲಿನಿಂದ ತರಿಸಿಕೊಳ್ಳುವ ತಂತ್ರಾಂಶಕ್ಕಿಂತ ಹಲವು ಬಾಗಿಲುಗಳಿಂದ ತರಿಸಿಕೊಳ್ಳಬಲ್ಲದ್ದು ಮೇಲು. ಎಕ್ಸ್‌ಎಂಎಲ್‌ಟಿವಿ ಎಂಬ ಸಾಮಾನ್ಯ ಬರಹದ ಕ್ರಮವೊಂದಿದೆ. ಮಿತ್‌ಟಿವಿ, ಟಿವಿಹೆಡೆಂಡ್, ನೆಕ್ಸ್ಟ್‌ಪಿವಿಆರ್ ಮೊದಲಾದುವು ಈ ಕ್ರಮದಲ್ಲಿ ಬರೆದ ಸೂಚಿಯನ್ನು ಓದಬಲ್ಲವು. ಕೋಡಿ ಎಂಬುದನ್ನು ಬಳಸುವವರು ಒಂದು ವಿಷಯವನ್ನು ನೆನಪಿನಲ್ಲಿಡಬೇಕು: ಅದು ಸೂಚಿಯನ್ನು ಅಂದವಾಗಿ ತೋರಿಸುವುದೇ ಹೊರತು, ಟ್ಯೂನರನ್ನು ನಡೆಸಿ ರೆಕಾರ್ಡು ಮಾಡುವ ಕೆಲಸವು ಅದರ ಹಿಂದೆ ನಿಂತಿರುವ ಇಂಥ ತಂತ್ರಾಂಶಗಳದು. ಸೂಚಿಯಲ್ಲಿ ದೋಷ ಕಂಡರೆ ಹಿಂದಿನದನ್ನೇ ನೋಡತಕ್ಕದ್ದು.

ಬರೆದವರ ವಿಷಯದಲ್ಲಿಯೇ ಇನ್ನೊಂದು ಮಾತು. ಇಂಟರ್ನೆಟ್ಟಿನಿಂದ ಸೂಚಿಯನ್ನು ತರಿಸುವಾಗ ತಂತ್ರಾಂಶವು ಮೊದಲು ಊರಿನ ಅಂಚೆ ಸಂಖ್ಯೆಯನ್ನು ಕೇಳುವುದು. ಸಂಖ್ಯೆ ತಪ್ಪಿದರೆ ನೆರೆಯೂರಿನ ನಿಲಯದ ಪಟ್ಟಿಯು ನಮ್ಮೂರಿನ ನಿಲಯದ ಎದುರಿಗೆ ಬಂದು ಕುಳಿತುಕೊಳ್ಳುವುದು. ಸೂಚಿಯಲ್ಲಿ ವಾರ್ತೆಯೆಂದಿದ್ದು ತೆರೆಯಲ್ಲಿ ಅಡಿಗೆಯ ಪಾಠ ನಡೆಯುತ್ತಿದ್ದರೆ ಈ ಜೋಡಣೆಯೇ ತಪ್ಪಿದೆಯೆಂದು ತಿಳಿಯಬೇಕು. ಹೊಸದಾಗಿ ಏರ್ಪಡಿಸಿದ ದಿನ ಪ್ರತಿಯೊಂದು ವಾಹಿನಿಯನ್ನೂ ಒಂದು ನಿಮಿಷ ತೆರೆದು ಸೂಚಿಯೊಂದಿಗೆ ತಾಳೆನೋಡುವುದು ಬಹಳ ಒಳ್ಳೆಯದು.

ಎರಡನೆಯದು ಗಡಿಯಾರದ ಪ್ರಶ್ನೆ. ಬೆಂಗಳೂರಿಗೆ ಗಣಿತ ಮಾಡಿದ ಪಂಚಾಂಗವನ್ನು ಒಹಾಯೊದಲ್ಲಿ ಹಾಗೆಯೇ ಹಿಡಿದರೆ ಏಕಾದಶಿಯು ದಿನವನ್ನೇ ತಪ್ಪಬಹುದೆಂಬುದು ಅಲ್ಲಿರುವ ನಮ್ಮವರಿಗೆ ಅನುಭವದಿಂದ ಗೊತ್ತು. ಸೂಚಿಯದೂ ಅದೇ ಕಥೆ. ಯುರೋಪಿನ ಪದ್ಧತಿಯ ಪ್ರಸಾರದಲ್ಲಿ ಸೂಚಿಯ ವೇಳೆಯು ಆಯಾ ದೇಶದ ಗಡಿಯಾರದ್ದಲ್ಲ. ಲೋಕಕ್ಕೆಲ್ಲ ಒಂದಾಗಿರುವ ಯುಟಿಸಿ ಕಾಲದ್ದು. ದಿನವನ್ನು ಕೂಡ ತಾರೀಖಾಗಿ ಬರೆಯದೆ, 1858ನೆಯ ನವೆಂಬರ್ 17ರಿಂದ ಎಷ್ಟು ದಿನಗಳಾದವೆಂದು ಎಣಿಸಿ ಬರೆಯುತ್ತಾರೆ. ನಮ್ಮ ಜ್ಯೋತಿಷಿಗಳು ಕಲಿಯುಗಾದಿಯಿಂದ ಅಹರ್ಗಣವನ್ನು ಎಣಿಸುವುದೂ ಇದೇ ಜಾತಿಯ ಲೆಕ್ಕ. ಅಮೆರಿಕಾದ ಪದ್ಧತಿಯಲ್ಲಿ 1980ನೆಯ ಜನವರಿ 6ರಿಂದ ಸೆಕೆಂಡುಗಳನ್ನೇ ಎಣಿಸುತ್ತಾರೆ. ಇವನ್ನು ಮನೆಯ ಗಡಿಯಾರಕ್ಕೆ ತಿರುಗಿಸಿ ತೋರಿಸುವ ಭಾರವು ನಮ್ಮ ಕಂಪ್ಯೂಟರಿನದು.

ಆದುದರಿಂದ ಕಂಪ್ಯೂಟರಿನಲ್ಲಿ ಕಾಲವಲಯವು ಸರಿಯಾಗಿರಬೇಕು. ಭಾರತದ ಕಾಲವು ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ಯುಟಿಸಿ 13-30 ಎಂದು ಬಂದ ಕಾರ್ಯಕ್ರಮವು ನಮಗೆ ಸಂಜೆ 7 ಗಂಟೆಯದು. ಕಾಲವಲಯವನ್ನು ಹೇಳಿಕೊಡದ ಕಂಪ್ಯೂಟರು ಅದನ್ನು ಮಧ್ಯಾಹ್ನ ಒಂದೂವರೆಗೆ ತೋರಿಸಿ, ಆ ಹೊತ್ತಿನಲ್ಲಿ ನಡೆಯುವ ಇನ್ನಾವುದನ್ನೋ ರೆಕಾರ್ಡು ಮಾಡಿಡುವುದು. ಎಕ್ಸ್‌ಎಂಎಲ್‌ಟಿವಿಯ ಬರಹದಲ್ಲಿ ವೇಳೆಯ ಪಕ್ಕದಲ್ಲಿ +0530 ಎಂಬಂತೆ ವ್ಯತ್ಯಾಸವನ್ನೂ ಬರೆದಿರುತ್ತಾರೆ; ಅದು ತಪ್ಪಿದ್ದರೆ ಸೂಚಿಯೆಲ್ಲವೂ ಒಂದೇ ಅಳತೆಯಲ್ಲಿ ಹಿಂದಕ್ಕೋ ಮುಂದಕ್ಕೋ ಸರಿದಿರುವುದು. ಹೀಗೆ ಎಲ್ಲ ಕಾರ್ಯಕ್ರಮಗಳೂ ಒಂದೇ ಅಳತೆಯಲ್ಲಿ ಸರಿದಿದ್ದರೆ ದೋಷವು ಗಡಿಯಾರದ್ದು. ಒಂದು ವಾಹಿನಿ ಮಾತ್ರ ತಪ್ಪಿದ್ದರೆ ದೋಷವು ಜೋಡಣೆಯದು. ಒಂದು ಕಾರ್ಯಕ್ರಮ ಮಾತ್ರ ತಪ್ಪಿದ್ದರೆ ದೋಷವು ಆ ದಿನದ್ದು. ಈ ಮೂರನ್ನು ಬೇರ್ಪಡಿಸಿ ನೋಡುವವರಿಗೆ ಅರ್ಧ ಕಷ್ಟವು ಅಲ್ಲಿಗೇ ಕಳೆದಂತೆ. ಅಮೆರಿಕಾದ ಬಹುಭಾಗದಲ್ಲಿ ಮಾರ್ಚಿ ತಿಂಗಳ ಎರಡನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೂ, ನವೆಂಬರಿನ ಮೊದಲನೆಯ ಭಾನುವಾರ ಒಂದು ಗಂಟೆ ಹಿಂದಕ್ಕೂ ಇಡುವರು. ಆ ಎರಡು ದಿನಗಳಲ್ಲಿ ಸೂಚಿಯನ್ನು ಹೊಸದಾಗಿ ತರಿಸಿ ನೋಡತಕ್ಕದ್ದು.

ಮೂರನೆಯದು, ಎಲ್ಲಿಯ ವರೆಗೆ ನಿಜವೆಂಬ ಪ್ರಶ್ನೆ. ನಮ್ಮ ಸೋದರಿಯವರಿಗೆ ತೊಂದರೆಯಾದುದು ಇಲ್ಲಿ. ಸೂಚಿಯು ನಿಲಯದವರ ಸಂಕಲ್ಪವನ್ನು ತಿಳಿಸುವುದೇ ಹೊರತು, ನಡೆದುದನ್ನಲ್ಲ. ಹದಿನಾಲ್ಕು ದಿನಗಳ ಮುಂಚೆ ಬರೆದ ಸಂಕಲ್ಪವು ಆಟವೊಂದು ಬೆಳೆದರೆ, ಸಭೆಯೊಂದು ಲಂಬಿಸಿದರೆ, ದೊಡ್ಡ ವಾರ್ತೆಯೊಂದು ಬಂದೆರಗಿದರೆ ಪಲ್ಲಟವಾಗುವುದು. ಆಕಾಶಮಾರ್ಗದ ಸೂಚಿಯಲ್ಲಿ 'ಈಗ ನಡೆಯುತ್ತಿರುವುದು, ಮುಂದೆ ಬರುವುದು' ಎಂಬ ಭಾಗವನ್ನು ನಿಲಯದವರು ಆಗಿಂದಾಗ್ಗೆ ತಿದ್ದುವುದುಂಟು. ಅದನ್ನು ಗಮನಿಸಿ ರೆಕಾರ್ಡನ್ನು ಹೊಂದಿಸಿಕೊಳ್ಳುವ ತಂತ್ರಾಂಶಗಳೂ ಇವೆ. ಆದರೆ ಎಲ್ಲ ನಿಲಯಗಳೂ ತಿದ್ದುವುದಿಲ್ಲ. ನಿನ್ನೆ ರಾತ್ರಿ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಸೂಚಿಗೆ ಇಂದು ಸಂಜೆ ನಡೆದ ಬದಲಾವಣೆಯು ತಿಳಿಯುವುದಾದರೂ ಹೇಗೆ?

ಇದಕ್ಕೆ ಪರಿಹಾರವು ಸುಲಭ. ಈ ತಂತ್ರಾಂಶಗಳಲ್ಲೆಲ್ಲ 'ಮುಂಚಿತವಾಗಿ ಆರಂಭಿಸು, ತಡವಾಗಿ ನಿಲ್ಲಿಸು' ಎಂಬ ಅನುಕೂಲವಿದೆ. ಸಾಮಾನ್ಯ ಕಾರ್ಯಕ್ರಮಕ್ಕೆ ಮುಂಚೆ ಎರಡು ನಿಮಿಷ, ಆಮೇಲೆ ಹತ್ತು ನಿಮಿಷ ಸಾಕು. ಅದಕ್ಕೆ ಹಿಂದೆ ನೇರಪ್ರಸಾರದ ಆಟವೋ ಸಭೆಯೋ ಇದ್ದರೆ ಆಮೇಲಿನದನ್ನು ಒಂದು ಗಂಟೆಗೆ ಏರಿಸಬೇಕು; ಅಥವಾ ಮುಂದಿನ ಕಾರ್ಯಕ್ರಮವನ್ನೂ ಸೇರಿಸಿ ರೆಕಾರ್ಡು ಮಾಡಬೇಕು. ಅಂದರೆ ಬೇಕಾದ ಕಾರ್ಯಕ್ರಮವನ್ನು ಮಾತ್ರ ನೋಡದೆ, ಸೂಚಿಯಲ್ಲಿ ಅದರ ಎಡಗಡೆಯ ಮನೆಯಲ್ಲಿ ಏನಿದೆ ಎಂಬುದನ್ನು ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಸೋದರಿಯವರು ಆ ದಿನ ಎಡಗಡೆಗೆ ಕಣ್ಣು ಹಾಯಿಸಿದ್ದರೆ ಚರ್ಚೆಯ ಹೆಸರು ಕಾಣುತ್ತಿದ್ದಿತು.

ಆದರೆ ಈ ಔದಾರ್ಯಕ್ಕೂ ಮಿತಿಯುಂಟು. ಮನೆಯಲ್ಲಿ ಟ್ಯೂನರು ಒಂದೇ ಇದ್ದರೆ, ಒಂದಕ್ಕೆ ಕೊಟ್ಟ ಹೆಚ್ಚಿನ ವೇಳೆಯು ಇನ್ನೊಂದು ವಾಹಿನಿಯಲ್ಲಿ ಆರಂಭವಾಗುವ ಕಾರ್ಯಕ್ರಮವನ್ನು ನುಂಗುವುದು. ಯಾವುದು ಮುಖ್ಯವೆಂಬುದನ್ನು ತಂತ್ರಾಂಶಕ್ಕೆ ಮೊದಲೇ ಹೇಳಿಡಬೇಕು. ಸ್ಥಳದ ಯೋಚನೆಯೂ ಬೇಕು: ಅಮೆರಿಕಾದ ಒಂದು ಪ್ರಸಾರಮಾರ್ಗದ ಪೂರ್ಣ ವೇಗವು ಸೆಕೆಂಡಿಗೆ 19.39 ಮೆಗಾಬಿಟ್ ಆದುದರಿಂದ, ಅಚ್ಚ ಚಿತ್ರದ ಒಂದು ಗಂಟೆಯ ರೆಕಾರ್ಡಿಗೆ ಎಂಟೂವರೆ ಗಿಗಾಬೈಟುಗಳಿಗೂ ಮೀರಿ ಸ್ಥಳ ಬೇಕಾಗಬಹುದು. ಕಡೆಯದಾಗಿ, ಕಂಪ್ಯೂಟರು ಎಚ್ಚರವಾಗಿರಬೇಕು. ನಿದ್ರೆಯಲ್ಲಿರುವ ಯಂತ್ರವನ್ನು ವೇಳೆಗೆ ಸರಿಯಾಗಿ ಎಬ್ಬಿಸುವ ಏರ್ಪಾಡುಂಟು. ಆದರೆ ಪೂರ್ತಿಯಾಗಿ ಆರಿಸಿದ ಯಂತ್ರಕ್ಕೆ ಅದನ್ನು ನಂಬಬಾರದು.

ಮಾಲಿಕೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. 'ಹೊಸ ಸಂಚಿಕೆಗಳನ್ನು ಮಾತ್ರ ರೆಕಾರ್ಡು ಮಾಡು' ಎಂದು ಹೇಳಿದಾಗ, ಹೊಸದಾವುದು ಹಳೆಯದಾವುದು ಎಂಬುದನ್ನು ತಂತ್ರಾಂಶವು ಚಿತ್ರವನ್ನು ನೋಡಿ ತಿಳಿಯುವುದಿಲ್ಲ. ಸೂಚಿಯಲ್ಲಿ ಬರೆದ ಮೊದಲ ಪ್ರಸಾರದ ತಾರೀಖು, ಸಂಚಿಕೆಯ ಹೆಸರು, ವಿವರಣೆ ಇವುಗಳಿಂದ ಊಹಿಸುವುದು. ಸೂಚಿ ಬರೆದವರು ಎಲ್ಲ ದಿನಗಳಿಗೂ ಒಂದೇ ಸಾಲನ್ನು ಬರೆದುಬಿಟ್ಟಿದ್ದರೆ ಈ ಜಾಣತನವು ಕೆಲಸಕ್ಕೆ ಬಾರದು. ಅಂಥ ಮಾಲಿಕೆಗೆ ವಾರವನ್ನೂ ಗಂಟೆಯನ್ನೂ ಗೊತ್ತುಮಾಡಿ ರೆಕಾರ್ಡು ಮಾಡುವುದೇ ಕ್ಷೇಮ. ಸೂಚಿಯು ಪೂರ್ತಿ ಬರಿದಾದ ದಿನ ನಮ್ಮ ಕೈಹಿಡಿಯುವುದೂ ಈ ಹಳೆಯ ಕ್ರಮವೇ. ಆದುದರಿಂದ ಮನೆಯಲ್ಲಿ ಒಬ್ಬರಾದರೂ ಅದನ್ನು ಕಲಿತಿರಬೇಕು.

ಇಷ್ಟೆಲ್ಲ ಎಚ್ಚರಿಕೆಗಳನ್ನು ಓದಿ, 'ಹಾಗಾದರೆ ಈ ಸೂಚಿಯಿಂದ ಪ್ರಯೋಜನವೇನು?' ಎಂದು ವಾಚಕರು ಕೇಳಬಹುದು. ಪ್ರಯೋಜನವು ದೊಡ್ಡದೇ ಇದೆ. ಗುಂಡಿಯನ್ನೊತ್ತುತ್ತ ವಾಹಿನಿಯಿಂದ ವಾಹಿನಿಗೆ ಹಾರುವವನು ಟೆಲಿವಿಷನ್ ಕೊಟ್ಟದ್ದನ್ನು ನೋಡುತ್ತಾನೆ. ಸೂಚಿಯನ್ನು ಓದುವವನು ತನಗೆ ಬೇಕಾದುದನ್ನು ನೋಡುತ್ತಾನೆ. ಭಾನುವಾರ ಬೆಳಗ್ಗೆ ಮನೆಯವರೆಲ್ಲ ಕೂಡಿ ಹತ್ತು ನಿಮಿಷ ಸೂಚಿಯನ್ನು ಓದಿ, ವಾರಕ್ಕೆ ನಾಲ್ಕೋ ಐದೋ ಕಾರ್ಯಕ್ರಮಗಳನ್ನು ಗುರುತುಮಾಡಿಕೊಂಡರೆ, ಉಳಿದ ಸಂಜೆಗಳು ಓದಿಗೂ ಮಾತಿಗೂ ಉಳಿಯುವುವು. ಅಚ್ಚಿನ ಪಟ್ಟಿಗೆ ಇಲ್ಲದ ಗುಣವೊಂದೂ ಇದಕ್ಕುಂಟು: ಹೆಸರನ್ನು ಬರೆದು ಹುಡುಕಿದರೆ, ಎರಡು ವಾರಗಳೊಳಗೆ ಅದು ಯಾವ ವಾಹಿನಿಯಲ್ಲಿ, ಎಷ್ಟು ಸಲ, ಯಾವ ಅಪವೇಳೆಯಲ್ಲಿ ಬಂದರೂ ಎತ್ತಿ ತೋರಿಸುವುದು.

ನಾವು ಸೋದರಿಯವರಿಗೆ ಬರೆದ ಉತ್ತರವೂ ಇದೇ. "ಸೂಚಿಯು ಸುಳ್ಳು ಹೇಳಲಿಲ್ಲ; ನೀವೂ ತಪ್ಪಲಿಲ್ಲ. ಅದು ತನಗೆ ತಿಳಿದದ್ದನ್ನು ಹೇಳಿತು; ಅದಕ್ಕೆ ತಿಳಿದದ್ದು ಎಷ್ಟೆಂಬುದನ್ನು ನೀವು ಅರಿತಿರಲಿಲ್ಲ, ಅಷ್ಟೆ. ಊರಿನ ನಿಲಯಗಳು ಇಂಥ ಕಾರ್ಯಕ್ರಮಗಳನ್ನು ಮತ್ತೊಮ್ಮೆ ಪ್ರಸಾರ ಮಾಡುವುದುಂಟು. ಸೂಚಿಯಲ್ಲಿ ಶಾಲೆಯ ಹೆಸರನ್ನು ಬರೆದು ಹುಡುಕಿ" ಎಂದು ತಿಳಿಸಿದೆವು.

ಹದಿನೈದು ದಿನಗಳ ಮೇಲೆ ಅವರಿಂದ ಇನ್ನೊಂದು ಕಾಗದ ಬಂದಿತು. ಹುಡುಕಿದಾಗ, ಅದೇ ಗಾನವು ಬುಧವಾರ ಬೆಳಗಿನ ಜಾವ 2 ಗಂಟೆಗೆ ಪುನಃ ಪ್ರಸಾರವಾಗುವುದೆಂದು ಕಂಡಿತಂತೆ. ಎಡಗಡೆಯ ಮನೆಯನ್ನೂ ನೋಡಿ, ಒಂದು ಗಂಟೆ ಹೆಚ್ಚಿಗೆ ಕೊಟ್ಟು, ಕಂಪ್ಯೂಟರನ್ನು ನಿದ್ರೆಗೆ ಬಿಡದೆ ಮಲಗಿದರಂತೆ. ಈ ಸಲ ಕಾರ್ಯಕ್ರಮವು ಸರಿಯಾದ ವೇಳೆಗೇ ಆರಂಭವಾಯಿತು. ಹೆಚ್ಚಿಗೆ ಕೊಟ್ಟ ಒಂದು ಗಂಟೆಯು ವ್ಯರ್ಥವಾಯಿತು. ಅದಕ್ಕಾಗಿ ತಾವು ಸ್ವಲ್ಪವೂ ವ್ಯಸನಪಡಲಿಲ್ಲವೆಂದು ಬರೆದಿದ್ದಾರೆ. ಶನಿವಾರ ರಾತ್ರಿ 9 ಗಂಟೆಗೆ, ಹಾಸನದಲ್ಲಿ ಭಾನುವಾರ ಬೆಳಗ್ಗೆ ಏಳೂವರೆಗೆ, ತಂದೆಯವರನ್ನು ಫೋನಿನ ತೆರೆಯ ಮೇಲೆ ಕರೆದು, ಮನೆಯ ಟೆಲಿವಿಷನ್ನಿನಲ್ಲಿ ರೆಕಾರ್ಡನ್ನು ಹಾಕಿ ತೋರಿಸಿದರು. ಮೊಮ್ಮಗಳು ಎರಡನೆಯ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವಳಾಗಿ ನಿಂತಿದ್ದಳು. ವೃದ್ಧರು ಕಾಫಿಯ ಲೋಟವನ್ನು ಕೆಳಗಿಟ್ಟು, ಕನ್ನಡಕವನ್ನು ಒರೆಸಿ ಹಾಕಿಕೊಂಡು, "ಇನ್ನೊಂದು ಸಲ ಹಾಕಮ್ಮ" ಎಂದರಂತೆ.